ಭಾರ ಎಲ್ಲಿ ಇಳಿಯುತ್ತದೆ, ನೀರು ಎಲ್ಲಿ ಇಳಿಯುತ್ತದೆ

ಪೇಪರನ್ನು ಒಂದು ಮೀಟರ್ ಎತ್ತರಕ್ಕೆ ಪೇರಿಸಿಟ್ಟರೆ, ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 800 ಕಿಲೋ ಭಾರ ಬೀಳುತ್ತದೆ. ಮನೆಯ ಸ್ಲ್ಯಾಬನ್ನು ಅಷ್ಟೇ ಜಾಗದಲ್ಲಿ ಸುಮಾರು 200 ಕಿಲೋ ಹೊರುವ ಲೆಕ್ಕದಲ್ಲಿ ಕಟ್ಟುತ್ತಾರೆ. ಅಂಗಡಿಯ ಸ್ಲ್ಯಾಬ್ ಆದರೆ 400 ಕಿಲೋ. ಇದು ಕಟ್ಟಡ ಎಷ್ಟು ಭಾರಕ್ಕೆ ತಯಾರಿರಬೇಕು ಅಂತ ಹೇಳುವ ನಮ್ಮ ದೇಶದ ಐಎಸ್ 875 ಕೋಡಿನಲ್ಲೇ ಬರೆದಿರುವ ಲೆಕ್ಕ. ಆದರೆ ಬಾಡಿಗೆಗೆ ಜಾಗ ನೋಡಲು ಹೋದಾಗ ಯಾರೂ ಇದನ್ನು ಹೇಳುವುದಿಲ್ಲ. ರಸ್ತೆ ಎಷ್ಟು ಅಗಲ, ಪಾರ್ಕಿಂಗ್ ಇದೆಯಾ, ಡಿಪಾಸಿಟ್ ಎಷ್ಟು, ಮಾತೆಲ್ಲ ಅಲ್ಲಿಗೇ ನಿಲ್ಲುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಒಂದು ಆಫ್‌ಸೆಟ್ ಪ್ರೆಸ್ ನಡೆಸುತ್ತೇನೆ. ಹಳೆ ಜಾಗದ ಕರಾರು ಮುಗಿಯುತ್ತಾ ಬಂದಿತ್ತು, ಹೊಸ ಜಾಗ ಬೇಕಿತ್ತು. ದಲ್ಲಾಳಿ ಒಬ್ಬರು ಊರ ಪೂರ್ವಕ್ಕೆ, ಗದಗ ರಸ್ತೆ ಕಡೆ, ಒಂದು ಬಿಲ್ಡಿಂಗ್ ತೋರಿಸಿದರು. ಕೆಳಗೆ ಎರಡು ಶಟರ್, ಮೇಲೆ ಎರಡು ಅಂತಸ್ತು. ಕೆಳಗೆ ಮಶೀನು, ಮೊದಲ ಮಹಡಿಯಲ್ಲಿ ಪೇಪರ್ ಗೋಡೌನ್ ಮತ್ತು ಬೈಂಡಿಂಗ್, ಅದರ ಮೇಲೆ ಆಫೀಸು ಅಂತ ನಮ್ಮ ಯೋಚನೆ. ಹೊರಗೆ ಹೊಸ ಬಣ್ಣ ಹೊಡೆದಿದ್ದರು. ಒಳಗೆ ಪಿಒಪಿ ಫಾಲ್ಸ್ ಸೀಲಿಂಗ್, ಸಾಲಾಗಿ ಎಲ್ಇಡಿ ದೀಪ. ಬಾಡಿಗೆಯೂ ನಮ್ಮ ಕೈಗೆ ಎಟಕುವಷ್ಟಿತ್ತು.

“ಸರ್, ಲೊಕೇಶನ್ ನೋಡ್ರಿ. ಇಂಥಾ ಜಾಗ ಮತ್ತ ಸಿಗೂದಿಲ್ಲ. ಇವತ್ತ ಟೋಕನ್ ಕೊಟ್ಟಬಿಡ್ರಿ” ಅಂದರು ದಲ್ಲಾಳಿ.

ನಾನು ಟೋಕನ್ ಕೊಡಲಿಲ್ಲ. ಕಾರಣ ಇಷ್ಟೇ. ನಮ್ಮ ಹುಡುಗರು ದಿನಕ್ಕೆ ಹತ್ತು ತಾಸು ಆ ಸ್ಲ್ಯಾಬಿನ ಕೆಳಗೆ ನಿಂತು ಕೆಲಸ ಮಾಡಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಿದ್ದ ಕಟ್ಟಡವನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಮೇಲೆ ಇನ್ನೂ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ಆಗಲೇ ಶುರುವಾಗಿದ್ದವು. 19 ಜನ ಸತ್ತರು. ವ್ಯಾಪಾರಕ್ಕೆ ಅಂತ ಒಳಗೆ ಹೋದವರು, ಕೂಲಿಗೆ ಅಂತ ಮೇಲೆ ಹತ್ತಿದವರು. ಅವತ್ತಿನಿಂದ ಯಾವ ಬಿಲ್ಡಿಂಗ್ ಒಳಗೆ ಹೋದರೂ ನನ್ನ ಕಣ್ಣು ಮೊದಲು ಕಾಲಂ ಕಡೆ ಹೋಗುತ್ತದೆ.

ಪರಿಚಯದ ಸ್ಟ್ರಕ್ಚರಲ್ ಇಂಜಿನಿಯರ್ ಮೇಡಂ ಒಬ್ಬರಿದ್ದಾರೆ. ಫೋನ್ ಮಾಡಿದೆ. ಜೊತೆಗೆ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದ ಕಾಕಾ ಒಬ್ಬರನ್ನೂ ಕರೆದೆ. ಇಂಜಿನಿಯರ್‌ಗೆ ಲೆಕ್ಕ ಗೊತ್ತು. ಎಲ್ಲಿ ಕೆಲಸ ಕದ್ದಿರುತ್ತಾರೆ ಅನ್ನೋದು ಗೌಂಡಿಗೆ ಗೊತ್ತು. ನನ್ನ ಪ್ರಕಾರ ಇಬ್ಬರೂ ಬೇಕು. ಮೇಡಂ ಮೊದಲೇ ಎರಡು ಷರತ್ತು ಹಾಕಿದರು. ಒಂದು, ಜೋರು ಮಳೆ ಬಂದ ಮರುದಿನ ಹೋಗಬೇಕು. ಇನ್ನೊಂದು, ಅವರು ಹೇಳಿದ ಹಾಗೆ ತಯಾರಾಗಿ ಬರಬೇಕು.

ತಯಾರಿ ಅಂದರೆ ದಪ್ಪ ಅಟ್ಟೆಯ ಬೂಟು, ಹೆಲ್ಮೆಟ್, ಮಾಸ್ಕ್, ಎರಡು ಟಾರ್ಚು. ಖಾಲಿ ಬಿದ್ದ ಬಿಲ್ಡಿಂಗಿನಲ್ಲಿ ಮೊಳೆ, ಒಡೆದ ಗಾಜು ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಪಾರಿವಾಳದ ಹಿಕ್ಕೆ ಒಣಗಿ ಪುಡಿಯಾಗಿದ್ದರೆ ಅದರ ದೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಮಾಸ್ಕ್ ಅದಕ್ಕೆ. ಸಜ್ಜಾ ಕೆಳಗೆ ಹೆಜ್ಜೇನು ಇದೆಯಾ ಅಂತ ದೂರದಿಂದಲೇ ನೋಡಿಕೊಳ್ಳಬೇಕು. ಒಬ್ಬರೇ ಯಾವತ್ತೂ ಒಳಗೆ ಹೋಗಬಾರದು. ಹೊರಗೆ ಇರುವ ಒಬ್ಬರಿಗೆ ‘ಇಷ್ಟು ಹೊತ್ತಿಗೆ ಬರ್ತೀವಿ, ಬರದಿದ್ದರೆ ಫೋನ್ ಮಾಡು’ ಅಂತ ಹೇಳಿಟ್ಟಿರಬೇಕು. ಕತ್ತಲಲ್ಲಿ ಯಾವ ಕಟಕಟೆಗೂ ಕೈ ಊರಬಾರದು, ಮೊದಲು ಅಲುಗಾಡಿಸಿ ನೋಡಬೇಕು. ಕರೆಂಟ್ ಪ್ಯಾನೆಲ್ ಬಾಗಿಲನ್ನು ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬಾರದು, ಅದರಲ್ಲೂ ಗೋಡೆ ಒದ್ದೆಯಾಗಿದ್ದರೆ ಹತ್ತಿರವೂ ಹೋಗಬಾರದು.

ಸಂಪಿನ ವಿಷಯ ಬಂದಾಗ ಮೇಡಂ ದನಿ ಗಟ್ಟಿಯಾಯಿತು. “ಮುಚ್ಚಳ ತೆಗೆದು ಮ್ಯಾಲಿಂದ ಟಾರ್ಚ್ ಬಿಟ್ಟು ನೋಡ್ರಿ. ಒಳಗ ಮಾತ್ರ ಯಾರೂ ಇಳೀಬ್ಯಾಡ್ರಿ” ಅಂದರು. ಬಹಳ ದಿನ ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ಇಳಿದವರು ಕೂಗುವುದಕ್ಕೂ ಆಗದೆ ಬೀಳುತ್ತಾರೆ. ಅವರನ್ನು ಎತ್ತಲು ಇಳಿದ ಎರಡನೆಯವರೂ ಬೀಳುತ್ತಾರೆ. ಇಂಥ ಸುದ್ದಿ ನಾವು ಆಗಾಗ ಓದುತ್ತಲೇ ಇರುತ್ತೇವೆ ಅಲ್ವಾ? ಗಾಳಿ ಪರೀಕ್ಷೆ ಮಾಡುವ ಯಂತ್ರ, ಇಡೀ ಮೈಗೆ ಕಟ್ಟುವ ಹಾರ್ನೆಸ್ ಬೆಲ್ಟು, ಮೇಲೆ ಹಿಡಿಯುವ ಜನ ಇದ್ದರೆ ಮಾತ್ರ ಅದಕ್ಕೆ ಇಳಿಯುವ ಮಾತು.

ಬಿಲ್ಡಿಂಗ್ ಹತ್ತಿರ ಹೋದ ಕೂಡಲೇ ನಾನು ಶಟರ್ ಕಡೆ ನಡೆದೆ. ಮೇಡಂ ತಡೆದರು.

“ಮುಂದ ಎಲ್ಲಾರೂ ಚಂದ ಇಟ್ಟಿರ್ತಾರ. ಮೊದಲ ಹಿಂದ ಹೋಗೂಣ ಬರ್ರಿ.”

ಹಿಂದಿನ ಗೋಡೆಗೆ ಬಣ್ಣ ಇರಲಿಲ್ಲ. ಟೆರೇಸಿನಿಂದ ಇಳಿಯುವ ಮಳೆನೀರಿನ ಪೈಪ್ ಅರ್ಧಕ್ಕೇ ಮುರಿದಿತ್ತು. ನೀರೆಲ್ಲ ಗೋಡೆ ಮೇಲೆ ಹರಿದು ಉದ್ದಕ್ಕೆ ಕಪ್ಪು ಪಾಚಿ ಕಟ್ಟಿತ್ತು. ಕೆಳಗೆ, ಗೋಡೆಯ ಬುಡದಲ್ಲೇ, ಹಿಂದಿನ ದಿನದ ನೀರು ಇನ್ನೂ ನಿಂತಿತ್ತು. ಮೇಲೆ ಪ್ಯಾರಾಪೆಟ್ ಸಂದಿಯಲ್ಲಿ ಒಂದು ಅರಳಿ ಗಿಡ ಎದೆಮಟ್ಟ ಬೆಳೆದಿತ್ತು. ಅರಳಿ ಬೇರು ಒಂದು ಸಲ ಬಿರುಕಿಗೆ ಇಳಿದರೆ ಮೇಲೆ ಎಷ್ಟು ಸಲ ಕಡಿದರೂ ಮತ್ತೆ ಚಿಗುರುತ್ತದೆ, ಗೋಡೆಯನ್ನು ಅಗಲಿಸುತ್ತಲೇ ಹೋಗುತ್ತದೆ. ಅಷ್ಟು ದೊಡ್ಡ ಗಿಡ ಅಲ್ಲಿದೆ ಅಂದರೆ ಅಷ್ಟು ವರ್ಷ ಯಾರೂ ಟೆರೇಸ್ ಹತ್ತಿ ನೋಡಿಲ್ಲ ಅಂತಲೇ ಅರ್ಥ.

“ಬಿಲ್ಡಿಂಗ್ ನೋಡೂದು ಅಂದ್ರ ಎರಡ ಕೆಲಸಾ ಸರ್” ಅಂದರು ಮೇಡಂ. “ಭಾರ ಎಲ್ಲೆ ಇಳೀತೈತಿ, ನೀರು ಎಲ್ಲೆ ಇಳೀತೈತಿ. ಈ ಎರಡ ದಾರಿ ಹಿಡದು ಹೋದ್ರ ಉಳದಿದ್ದು ತಾನ ಕಾಣ್ತೈತಿ.”

ಆಮೇಲೆ ನೋಡಿದ್ದೆಲ್ಲ ನನಗೆ ಈ ಎರಡು ದಾರಿಯಲ್ಲೇ ಅರ್ಥವಾಗುತ್ತಾ ಹೋಯಿತು.

ಹಿಂದಿನ ಗೋಡೆಯ ಬಿರುಕುಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಬಿರುಕು ಅಂದ ತಕ್ಷಣ ಹೆದರಬೇಕಿಲ್ಲ, ಹಾಗಂತ ಸುಮ್ನೆ ಬಿಡುವುದೂ ಅಲ್ಲ. ಗಿಲಾವಿನ ಮೇಲೆ ಬಲೆ ಬಲೆಯಾಗಿ ಹರಡಿದ ಕೂದಲೆಳೆ ಬಿರುಕು ಇರುತ್ತದೆ. ಸಿಮೆಂಟು ಜಾಸ್ತಿ ಹಾಕಿದರೆ, ಸರಿಯಾಗಿ ನೀರು ಹೊಡೆಯದಿದ್ದರೆ ಹಾಗಾಗುತ್ತದೆ. ಅದು ಗಿಲಾವಿನದ್ದೇ ತೊಂದರೆ, ಒಳಗಿನದಲ್ಲ. ಕಾಲಂ ಮತ್ತು ಇಟ್ಟಿಗೆ ಗೋಡೆ ಕೂಡುವ ಕಡೆ ನೆಟ್ಟಗೆ ಮೇಲಿನಿಂದ ಕೆಳಗೆ ಒಂದು ಗೆರೆ ಬರುತ್ತದೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗುವುದೇ ಬೇರೆ, ಇಟ್ಟಿಗೆ ಹಿಗ್ಗುವುದೇ ಬೇರೆ. ಗಿಲಾವು ಮಾಡುವಾಗ ಅಲ್ಲಿ ತಂತಿ ಜಾಳಿಗೆ ಹೊಡೆಯದಿದ್ದರೆ ಆ ಗೆರೆ ಬಂದೇ ಬರುತ್ತದೆ. ಅದಕ್ಕೂ ಗಾಬರಿ ಬೇಡ. ನೀರು ಒಳಗೆ ಹೋಗದಂತೆ ಮುಚ್ಚಿದರೆ ಸಾಕು.

ಆದರೆ ಇಲ್ಲಿ ಮೊದಲ ಮಹಡಿಯ ಕಿಟಕಿ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ, ಇಟ್ಟಿಗೆ ಸಂದಿ ಹಿಡಿದು ನೆಲದ ಕಡೆಗೆ ಇಳಿದ ಬಿರುಕು ಇತ್ತು. ಮೇಡಂ ತಮ್ಮ ಎಟಿಎಂ ಕಾರ್ಡ್ ತೆಗೆದು ಅದರೊಳಗೆ ತೂರಿಸಿದರು. ಸಲೀಸಾಗಿ ಹೋಯಿತು. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಸ್ಕೇಲಿನಿಂದ ಅಷ್ಟು ಸಣ್ಣದನ್ನು ಅಳೆಯುವುದು ಕಷ್ಟ, ಕಾರ್ಡು ಎಲ್ಲರ ಜೇಬಲ್ಲೂ ಇರುತ್ತದೆ. ಸ್ವಲ್ಪ ಮೇಲೆ ಹೋದರೆ ಒಂದರ ಮೇಲೊಂದು ಮೂರು ಕಾರ್ಡು ಹಿಡಿಯುವಷ್ಟು ಅಗಲ. ಮೇಲೆ ಅಗಲ, ಕೆಳಗೆ ಸಪೂರ. ಹಾಗಿದ್ದರೆ ಬಿಲ್ಡಿಂಗಿನ ಆ ಮೂಲೆ ಕೆಳಗೆ ಕುಸಿಯುತ್ತಿರಬಹುದು ಅಂತ ಮೇಡಂ ವಿವರಿಸಿದರು.

ಯಾಕೆ ಕುಸಿಯುತ್ತದೆ ಅನ್ನೋದು ನಮ್ಮ ಕಾಲ ಕೆಳಗೇ ಇತ್ತು. ಎರೆಮಣ್ಣು. ಧಾರವಾಡದ ಪಶ್ಚಿಮಕ್ಕೆ ಹೋದರೆ ಕೆಂಪು ನೆಲ, ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಕಡೆ ಕಪ್ಪು ಎರೆ. ಹತ್ತಿಗೆ, ಜೋಳಕ್ಕೆ, ಕಡಲೆಗೆ ಬಂಗಾರದಂಥ ಭೂಮಿ ಅದು. ಆದರೆ ಬಿಲ್ಡಿಂಗಿಗೆ ಕಷ್ಟ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಮೇಲೆ ಮೇಲೆ ಇದ್ದರೆ ವರ್ಷಕ್ಕೊಮ್ಮೆ ಅದನ್ನು ಎತ್ತಿ ಇಳಿಸುತ್ತದೆ. ಅದಕ್ಕೇ ಎರೆ ಭೂಮಿಯಲ್ಲಿ ಪಾಯವನ್ನು ಆ ಉಬ್ಬು-ಕುಗ್ಗು ಮುಟ್ಟದಷ್ಟು ಆಳಕ್ಕೆ ಇಳಿಸಬೇಕು, ಇಲ್ಲವಾದರೆ ನೆಲದೊಳಗೆ ಕಂಬದ ಹಾಗೆ ಇಳಿದು ಬುಡದಲ್ಲಿ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಹಾಕಬೇಕು. ಇಲ್ಲಿ ಮುರಿದ ಪೈಪಿನ ನೀರು ಒಂದೇ ಮೂಲೆಗೆ ಬೀಳುತ್ತಿತ್ತು. ಆ ಮೂಲೆಯ ಮಣ್ಣು ಒಂದು ರೀತಿ, ಉಳಿದ ಮೂರು ಮೂಲೆಯ ಮಣ್ಣು ಇನ್ನೊಂದು ರೀತಿ. ಪೈಪ್ ಸರಿ ಮಾಡಿಸಲು ಕೆಲವು ಸಾವಿರ ಸಾಕಿತ್ತು. ಅದನ್ನು ಬಿಟ್ಟಿದ್ದಕ್ಕೆ ಪಾಯಕ್ಕೇ ಪೆಟ್ಟು ಬಿದ್ದಿತ್ತು. ನೋಡಿ ನಿಜಕ್ಕೂ ಸಂಕಟವಾಯಿತು.

ಬಿರುಕು ಹಳೆಯದಾ, ಈಗಲೂ ಬೆಳೆಯುತ್ತಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಕು ಬರೆಯಬೇಕು. ನಡುವೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಗಟ್ಟಿಯಾಗಿ ಅಂಟಿಸಬೇಕು. ಬಿರುಕು ಸರಿದರೆ ಗಾಜು ಒಡೆಯುತ್ತದೆ. ಎರೆ ನೆಲದಲ್ಲಿ ಮಾತ್ರ ಒಂದು ಮಳೆಗಾಲ, ಒಂದು ಬೇಸಿಗೆ ಎರಡೂ ಕಾದು ನೋಡಬೇಕು. ಮಳೆಗಾಲದಲ್ಲಿ ಮುಚ್ಚಿಕೊಂಡ ಬಿರುಕು ಏಪ್ರಿಲ್‌ನಲ್ಲಿ ಮತ್ತೆ ತೆರೆಯಬಹುದು. ನಮಗೆ ಅಷ್ಟು ಸಮಯ ಇರಲಿಲ್ಲ. ಆದರೆ ಈ ಬಿರುಕಿಗೆ ಯಾರೋ ಮೊದಲೇ ಸಿಮೆಂಟು ತುಂಬಿದ್ದರು, ಆ ಸಿಮೆಂಟಿನ ನಡುವೆಯೇ ಮತ್ತೆ ಹೊಸ ಬಿರುಕು ಬಂದಿತ್ತು. ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಒಳಗೆ ಹೋದೆವು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಗೌಂಡಿ ಕಾಕಾ ಸಣ್ಣ ಸುತ್ತಿಗೆಯ ಹಿಡಿಯಿಂದ ಕಾಲಂಗಳನ್ನು ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋದರು, ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ. ಟಣ್ ಟಣ್ ಅನ್ನುತ್ತಿದ್ದದ್ದು ಹಿಂದಿನ ಮೂಲೆಯ ಕಾಲಂ ಹತ್ತಿರ ಡಬ್ ಡಬ್ ಅಂದಿತು.

“ಕೇಳ್ರಿ ಅಣ್ಣಾರ, ಸಪ್ಪಳ ಬ್ಯಾರೆ ಬರ್ತೈತಿ. ಇಲ್ಲೆ ಪೊಳ್ಳು ಐತಿ.”

ಬಣ್ಣ ಸ್ವಲ್ಪ ಕೆರೆದು ನೋಡಿದರೆ ಒಳಗೆ ಉದ್ದಕ್ಕೆ ಕಂದು ಕಲೆ. ಕಾಲಂ ಒಳಗಿನ ಸರಳು ತುಕ್ಕು ಹಿಡಿದಾಗ ಹೀಗಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಒಳಗೆ ಜಾಗ ಇಲ್ಲ, ಹಾಗಾಗಿ ಮೇಲಿನ ಕಾಂಕ್ರೀಟನ್ನು ಹೊರಕ್ಕೆ ದಬ್ಬುತ್ತದೆ. ಮೊದಲು ಸರಳಿನ ಉದ್ದಕ್ಕೇ ಗೆರೆ ಹಿಡಿದ ಬಿರುಕು, ಆಮೇಲೆ ಪೊಳ್ಳು, ಕೊನೆಗೆ ಚಕ್ಕೆ ಉದುರುವುದು. ಓರೆ ಬಿರುಕು, ಅಡ್ಡ ಬಿರುಕು ಅಂತ ನೋಡುವಾಗ ‘ಈ ಗೆರೆ ಸರಳಿನ ದಾರಿಯಲ್ಲೇ ಹೋಗ್ತಾ ಇದೆಯಾ’ ಅಂತಲೂ ಕೇಳಿಕೊಳ್ಳಬೇಕು. ಬೀಮಿನಲ್ಲಾದರೆ, ಕಾಲಂ ಹತ್ತಿರದ ತುದಿಯಲ್ಲಿ ಓರೆಯಾಗಿ ಏರುವ ಬಿರುಕು ಎಲ್ಲಕ್ಕಿಂತ ಕೆಟ್ಟದ್ದು. ಅಂಥದ್ದು ಕಂಡರೆ ಅದರ ಕೆಳಗೆ ನಿಂತು ಚರ್ಚೆ ಮಾಡಬಾರದು, ಮೊದಲು ಆಚೆ ಬರಬೇಕು. ನಮಗೆ ಅಂಥದ್ದು ಕಾಣಲಿಲ್ಲ.

ಹಾಲ್‌ನ ನಡುವೆ ನೆಲದಲ್ಲಿ ಒಂದು ವಿಚಿತ್ರ ಇತ್ತು. ಒಂಬತ್ತು ಇಂಚು ಅಗಲದ ಒಂದು ಪಟ್ಟಿ, ಈ ಗೋಡೆಯಿಂದ ಆ ಗೋಡೆವರೆಗೆ, ಟೈಲ್ಸ್ ಬಣ್ಣ ಸ್ವಲ್ಪ ಬೇರೆ. ಅಲ್ಲಿ ಮೊದಲು ಗೋಡೆ ಇತ್ತು. ಶೋರೂಮ್ ಅಗಲ ಮಾಡಲು ತೆಗೆದಿದ್ದಾರೆ. ಮುಂದಿನ ಭಾಗ ಕಾಲಂ-ಬೀಮಿನದು, ಅಲ್ಲಿ ಇಟ್ಟಿಗೆ ಗೋಡೆ ತೆಗೆದರೆ ಭಾರದ ದಾರಿ ಅಷ್ಟೇನೂ ಬದಲಾಗುವುದಿಲ್ಲ. ಆದರೆ ಹಿಂದಿನ ಭಾಗ ಅದಕ್ಕಿಂತ ಹಳೆಯದು, ಮೂಲೆಯ ಕಾಲಂ ಬಿಟ್ಟರೆ ಗೋಡೆಯೇ ಸ್ಲ್ಯಾಬು ಹೊತ್ತ ಕಟ್ಟಡ. ಅಲ್ಲಿ ಗೋಡೆ ತೆಗೆದು ಅದರ ಬದಲಿಗೆ ಒಂದು ಕಬ್ಬಿಣದ ಗರ್ಡರ್ ಕೊಟ್ಟಿದ್ದರು. ಯಾರ ಲೆಕ್ಕದ ಮೇಲೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ಅದರ ಎರಡೂ ತುದಿ ಯಾವುದರ ಮೇಲೆ ಕೂತಿದೆ ಅಂತ ನೋಡಲು ಫಾಲ್ಸ್ ಸೀಲಿಂಗ್ ಅಡ್ಡ.

ಫಾಲ್ಸ್ ಸೀಲಿಂಗ್ ಇರುವ ಬಿಲ್ಡಿಂಗನ್ನು ಅದನ್ನು ತೆರೆಯದೆ ಯಾರೂ ಒಪ್ಪಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಪೂರ್ತಿ ಕೀಳಬೇಕಿಲ್ಲ. ಎಲೆಕ್ಟ್ರಿಷಿಯನ್ ಹುಡುಗ ಮೇನ್ ಸ್ವಿಚ್ ಇಳಿಸಿ, ಟೆಸ್ಟರ್‌ನಿಂದ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ಎಲ್ಇಡಿ ಪ್ಯಾನೆಲ್ ಬಿಚ್ಚಿದ. ಏಣಿಯನ್ನು ನಾನು ಹಿಡಿದೆ. ಏಣಿ ನಾಲ್ಕು ಅಡಿ ಮೇಲೇರಿದರೆ ಬುಡ ಒಂದು ಅಡಿ ಹೊರಗಿರಬೇಕು, ಅದಕ್ಕಿಂತ ನೆಟ್ಟಗೆ ಇಟ್ಟರೆ ಹಿಂದಕ್ಕೆ ಬೀಳುತ್ತದೆ. ಆ ತೂತಿನಿಂದ ಫೋನ್ ಮೇಲಕ್ಕೆ ಹಿಡಿದು ಟಾರ್ಚ್ ಹಾಕಿ ವಿಡಿಯೋ ತೆಗೆದ.

ಕೆಳಗಿಳಿದು ಎಲ್ಲರೂ ವಿಡಿಯೋ ನೋಡಿದೆವು. ಮೇಲಿನ ಮಹಡಿಯ ಶೌಚಾಲಯದ ಕೆಳಗೆ ಸ್ಲ್ಯಾಬಿನ ಕಾಂಕ್ರೀಟು ದೊಡ್ಡ ತಟ್ಟೆಯಗಲ ಉದುರಿ, ಸರಳುಗಳು ಬರಿಮೈಯಲ್ಲಿ ಕಾಣುತ್ತಿದ್ದವು. ಒಂದು ಸರಳು ಸವೆದು ಅರ್ಧವಾಗಿತ್ತು. ಸುತ್ತ ಬಿಳಿ ಉಪ್ಪು ಬಿಟ್ಟಿತ್ತು. ನೀರು ಕಾಂಕ್ರೀಟಿನೊಳಗೆ ಹಾದು ಬರುವಾಗ ಸುಣ್ಣದಂಶ ಕರಗಿಸಿಕೊಂಡು ಬಂದು ಹೊರಗೆ ಒಣಗಿದಾಗ ಉಳಿಯುವುದು ಅದು. ಉದುರಿದ ಚಕ್ಕೆಗಳು ಪಿಒಪಿ ಮೇಲೇ ಕೂತಿದ್ದವು. ಕೆಳಗಿನಿಂದ ನೋಡಿದರೆ ಬೆಳ್ಳಗಿನ ಸೀಲಿಂಗ್, ಚಂದದ ದೀಪ.

ದಲ್ಲಾಳಿ ಆ ವಿಡಿಯೋ ನೋಡಿ ಸುಮ್ಮನಾದರು.

ಆಮೇಲೆ ಮೇಲಕ್ಕೆ. ಮೆಟ್ಟಿಲು ಹತ್ತುವಾಗಲೇ ಮೇಡಂ ತೋರಿಸಿದರು, ಮೊದಲ ಮಹಡಿಯವರೆಗೆ ಕಾಲಂ ಒಂದು ಅಳತೆ, ಎರಡನೆಯದರಲ್ಲಿ ಬೇರೆ ಅಳತೆ. ಎರಡನೇ ಮಹಡಿ ಆಮೇಲೆ ಏರಿಸಿದ್ದು. ಟೆರೇಸಿನಲ್ಲಿ ಎರಡು ಸಾವಿರ ಲೀಟರಿನ ಎರಡು ಪ್ಲಾಸ್ಟಿಕ್ ಟ್ಯಾಂಕ್, ಅಂದರೆ ತುಂಬಿದಾಗ 4 ಟನ್ ನೀರು. ಅದೂ ಕಾಲಂ ಮೇಲಲ್ಲ, ಸ್ಲ್ಯಾಬಿನ ನಡುವೆ ಇಟ್ಟಿಗೆ ಕಟ್ಟೆ ಕಟ್ಟಿ ಕೂರಿಸಿದ್ದರು. ಕೆಳಗಿನ ತುಕ್ಕು ಹಿಡಿದ ಮೂಲೆಯ ಕಾಲಂಗೆ ಈ ಟ್ಯಾಂಕುಗಳ ಭಾರದಲ್ಲಿ ಜಾಸ್ತಿ ಪಾಲು ಹೋಗುತ್ತಿತ್ತು. ಭಾರದ ದಾರಿ, ನೀರಿನ ದಾರಿ ಎರಡೂ ಬಂದು ಒಂದೇ ಮೂಲೆಯಲ್ಲಿ ಕೂಡಿದ್ದವು.

ಕಾಗದ ಕೇಳಿದೆವು. ಮಹಾನಗರ ಪಾಲಿಕೆಯ ಪರವಾನಗಿ ನಕ್ಷೆಯಲ್ಲಿ ಕೆಳಗೆ ಒಂದು, ಮೇಲೆ ಒಂದು ಅಂತಸ್ತು ಮಾತ್ರ ಇತ್ತು. ಮೇಲಿನದಕ್ಕೆ ತೆರಿಗೆ ರಸೀದಿ ತೋರಿಸಿದರು. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡಕ್ಕೆ ಪರವಾನಗಿ ಸಿಕ್ಕಂತಲ್ಲ, ಗಟ್ಟಿ ಇದೆ ಅಂತಲೂ ಅಲ್ಲ. ಸ್ಟ್ರಕ್ಚರಲ್ ಡ್ರಾಯಿಂಗ್ ಇರಲಿಲ್ಲ. ಯಾವ ಕಾಲಂನಲ್ಲಿ ಎಷ್ಟು ಸರಳಿದೆ, ಪಾಯ ಎಷ್ಟು ಆಳ ಅನ್ನುವುದು ಅದರಲ್ಲೇ ಇರುತ್ತದೆ. ಅದಿಲ್ಲದೆ ‘ಇದು ಎಷ್ಟು ಹೊರುತ್ತದೆ’ ಅನ್ನುವ ಪ್ರಶ್ನೆಗೆ ಯಾರೂ ಪ್ರಾಮಾಣಿಕವಾಗಿ ಉತ್ತರ ಕೊಡಲಾರರು.

ಮಾಲಕರ ಒಪ್ಪಿಗೆ ಪಡೆದು ಇನ್ನೊಂದು ದಿನ ಮೇಡಂ ಪರೀಕ್ಷೆ ಮಾಡಿದರು. ರಿಬೌಂಡ್ ಹ್ಯಾಮರ್ ಅಂತ ಒಂದು ಸ್ಪ್ರಿಂಗ್ ಉಪಕರಣ. ಕಾಂಕ್ರೀಟಿಗೆ ಒತ್ತಿದರೆ ಎಷ್ಟು ಪುಟಿಯುತ್ತದೆ ಅನ್ನುವುದರ ಮೇಲೆ ಒಂದು ಸಂಖ್ಯೆ ಕೊಡುತ್ತದೆ. ಅಗ್ಗದ ಪರೀಕ್ಷೆ, ಬೇಗ ಆಗುತ್ತದೆ. ಆದರೆ ಅದೊಂದನ್ನೇ ನಂಬಬಾರದು. ಹಳೆ ಕಾಂಕ್ರೀಟಿನ ಮೇಲ್ಮೈ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರುತ್ತದೆ, ಹಾಗಾಗಿ ಒಳಗೆ ಇರುವುದಕ್ಕಿಂತ ಒಳ್ಳೆಯ ಸಂಖ್ಯೆ ಬರುತ್ತದೆ. ಅದೇ ಇಂಗಾಲದ ಡೈಆಕ್ಸೈಡ್ ಸರಳಿಗೆ ಶತ್ರು. ಒಳ್ಳೆ ಕಾಂಕ್ರೀಟು ಕ್ಷಾರವಾಗಿರುತ್ತದೆ, ಆ ಕ್ಷಾರ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಈ ಅನಿಲ ಆ ಕ್ಷಾರವನ್ನು ಕಳೆಯುತ್ತದೆ. ಕ್ಷಾರ ಹೋದರೆ ಕಾವಲೂ ಹೋಯಿತು.

ಇದನ್ನು ಕಣ್ಣಾರೆ ನೋಡಬಹುದು. ಕಾಲಂನಲ್ಲಿ ಸಣ್ಣದಾಗಿ ಕೊರೆದು, ಹೊಸದಾಗಿ ತೆರೆದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದಿದ್ದರೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಹೋಗಿದ್ದರೆ ಬಣ್ಣವೇ ಬರುವುದಿಲ್ಲ. ಮುಂದಿನ ಕಾಲಂಗಳಲ್ಲಿ ಸ್ವಲ್ಪ ಒಳಗೆ ಹೋಗುತ್ತಿದ್ದಂತೆ ಗುಲಾಬಿ ಕಂಡಿತು. ಹಿಂದಿನ ಮೂಲೆಯದರಲ್ಲಿ ಸರಳಿನವರೆಗೂ ಕಾಣಲಿಲ್ಲ. ಕಾಲಂನ ಸರಳಿನ ಮೇಲೆ 40 ಮಿಲಿಮೀಟರ್ ಕಾಂಕ್ರೀಟು ಹೊದಿಕೆ ಇರಬೇಕು ಅಂತ ಕಾಂಕ್ರೀಟು ಕೆಲಸದ ಕೋಡ್ ಹೇಳುತ್ತದೆ. ಇಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ.

ಕರೆಂಟ್ ವಿಷಯ ಬೇಗ ಮುಗಿಯಿತು. ಅರ್ಥಿಂಗ್ ಪೈಪ್ ತುಕ್ಕು ತಿಂದು ತಂತಿ ಬಿಟ್ಟುಹೋಗಿತ್ತು. ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ 30 ಮಿಲಿ ಆಂಪ್ ಆರ್‌ಸಿಸಿಬಿ ಸ್ವಿಚ್ ಇರಲಿಲ್ಲ. ಪ್ಯಾನೆಲಿನ ಒಂದು ಮೂಲೆ ಸುಟ್ಟು ಕಪ್ಪಾಗಿತ್ತು. ಇವೆಲ್ಲ ದುಡ್ಡು ಹಾಕಿದರೆ ಸರಿಹೋಗುವಂಥವು.

ಬೆಂಕಿಯ ವಿಷಯ ಹಾಗಲ್ಲ. ಪ್ರೆಸ್ ಅಂದರೆ ಪೇಪರು, ಇಂಕು, ಮಶೀನು ತೊಳೆಯುವ ಸೀಮೆಎಣ್ಣೆಯಂಥ ದ್ರಾವಣ. ಈ ಬಿಲ್ಡಿಂಗಿಗೆ ಇದ್ದದ್ದು ಒಂದೇ ಮೆಟ್ಟಿಲು, ಅದರ ಕೆಳಗೇ ಕರೆಂಟ್ ಪ್ಯಾನೆಲು. ಮೇಲಿನ ಕಿಟಕಿಗಳಿಗೆಲ್ಲ ಬೆಸುಗೆ ಹಾಕಿದ ಗ್ರಿಲ್ಲು. ಹಿಂಬಾಗಿಲಿಗೆ ಒಳಗಿನಿಂದ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತಾಗ ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಬೆಂಕಿ ಶುರುವಾದದ್ದು ವೈರುಗಳು ಹೋಗುವ ಡಕ್ಟಿನಲ್ಲಿ. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಹೊರಗೆ ಬರುವ ದಾರಿ ಸಿಗದೆ ಕೆಲವರು ಕಿಟಕಿಯಿಂದ ಜಿಗಿದರು. ಪ್ಯಾನೆಲು ಮೆಟ್ಟಿಲ ಕೆಳಗಿದ್ದು, ಮೆಟ್ಟಿಲು ಒಂದೇ ಇದ್ದರೆ, ಬೆಂಕಿ ಹತ್ತಿದ ಮೊದಲ ಗಳಿಗೆಯಲ್ಲೇ ದಾರಿ ಮುಚ್ಚಿಹೋಗುತ್ತದೆ. ಬೈಂಡಿಂಗ್ ಕೆಲಸದ ಹೆಣ್ಣುಮಕ್ಕಳನ್ನು ಅಂಥ ಮಹಡಿಯಲ್ಲಿ ಕೂರಿಸಲು ನನಗೆ ಮನಸ್ಸು ಬರಲೇ ಇಲ್ಲ. ಕಾಲಂ ಎಲ್ಲ ಗಟ್ಟಿಯಿದ್ದಿದ್ದರೂ ಆ ಮಹಡಿಯನ್ನು ನಾನು ಒಪ್ಪುತ್ತಿರಲಿಲ್ಲ.

ಮೇಡಂ ಬರೆದುಕೊಟ್ಟ ವರದಿಯನ್ನು ಫೋಟೋ ಸಮೇತ ಮಾಲಕರಿಗೆ ಕೊಟ್ಟೆ. ಬಿಲ್ಡಿಂಗ್ ಬೇಡ ಅಂದ ಮೇಲೆ ವರದಿ ಯಾಕೆ ಕೊಡಬೇಕು, ಪರೀಕ್ಷೆಗೆ ದುಡ್ಡು ಹಾಕಿದ್ದು ನೀವು ಅಂತ ಸ್ನೇಹಿತರೊಬ್ಬರು ಕೇಳಿದರು. ನಾನು ಬೇಡ ಅಂದರೆ ನಾಳೆ ಇನ್ನೊಬ್ಬರು ಬರುತ್ತಾರೆ ಅಲ್ವಾ. ಅವರ ಹುಡುಗರೂ ಅದೇ ಸ್ಲ್ಯಾಬಿನ ಕೆಳಗೆ ನಿಲ್ಲುತ್ತಾರೆ. ಮಾಲಕರು ವಯಸ್ಸಾದವರು. ಮೊದಲು ಸಿಟ್ಟು ಮಾಡಿಕೊಂಡರು.

“ಮೂವತ್ತ ವರ್ಷ ಆತು, ಏನೂ ಆಗಿಲ್ಲ” ಅಂದರು.

“ಅಜ್ಜಾರ, ಟ್ಯಾಂಕ್ ಒಂದಾರ ಇಳಸ್ರಿ. ಪೈಪ್ ಸರಿ ಮಾಡಸ್ರಿ. ಉಳದಿದ್ದು ಆಮ್ಯಾಲೆ ನೋಡೂಣ” ಅಂದರು ಮೇಡಂ.

ಫಾಲ್ಸ್ ಸೀಲಿಂಗಿನ ವಿಡಿಯೋ ತೋರಿಸಿದ ಮೇಲೆ ಅವರ ಮಾತು ಮೆತ್ತಗಾಯಿತು. ಅದನ್ನು ಅವರೂ ನೋಡಿರಲಿಲ್ಲ. ಅದು ಹಿಂದಿನ ಬಾಡಿಗೆದಾರರು ಹಾಕಿಸಿಕೊಂಡದ್ದಂತೆ. ಸ್ವಲ್ಪ ದಿನದಲ್ಲಿ ಟ್ಯಾಂಕುಗಳನ್ನು ನೆಲಕ್ಕೆ ಇಳಿಸಿದರು, ಮೇಲೆ ಸಣ್ಣದೊಂದನ್ನು ಮಾತ್ರ ಕಾಲಂ ಮೇಲೆ ಇಟ್ಟರು, ಮಳೆನೀರಿನ ಪೈಪ್ ಹೊಸದು ಹಾಕಿ ಚರಂಡಿವರೆಗೆ ಒಯ್ದರು. ಮೂಲೆಯ ಕಾಲಂಗೆ ಆಸರೆ ಕೊಟ್ಟು, ಕೆಟ್ಟ ಕಾಂಕ್ರೀಟು ಕೆತ್ತಿ, ಸರಳು ಸ್ವಚ್ಛ ಮಾಡಿ, ಸುತ್ತ ಹೊಸ ಸರಳು ಕಟ್ಟಿ ದಪ್ಪ ಮಾಡುವ ಜಾಕೆಟಿಂಗ್ ಕೆಲಸಕ್ಕೆ ಮೇಡಂ ಹತ್ತಿರವೇ ನಕ್ಷೆ ಕೇಳಿದ್ದಾರೆ. ಸುಮ್ನೆ ಮೇಲೆ ಸಿಮೆಂಟು ಬಳಿದು ಬಣ್ಣ ಹೊಡೆಸಿದ್ದರೆ ನಾನು ಬಹಳ ನೊಂದುಕೊಳ್ಳುತ್ತಿದ್ದೆ.

ನಾವು ಕೊನೆಗೆ ಹಿಡಿದದ್ದು ಗೋಕುಲ ರಸ್ತೆ ಕಡೆಯ ಒಂದು ಶೆಡ್ಡು. ಒಂದೇ ಅಂತಸ್ತು. ಒಂದೂವರೆ ಟನ್ನಿನ ಮಶೀನು, ಪೇಪರಿನ ರಾಶಿ ಎಲ್ಲ ನೇರ ನೆಲದ ಮೇಲೆ, ಯಾರ ತಲೆಯ ಮೇಲೂ ಅಲ್ಲ. ಅದನ್ನೂ ಇದೇ ರೀತಿ ನೋಡಿದೆವು. ಮೇಲೆ ಸಿಮೆಂಟ್ ಶೀಟು. ಅದರ ಮೇಲೆ ಹತ್ತಲು ಮೇಡಂ ಯಾರನ್ನೂ ಬಿಡಲಿಲ್ಲ. ಹಳೆ ಶೀಟು ನೋಡಲು ಗಟ್ಟಿ ಕಂಡರೂ ಕಾಲಿಟ್ಟರೆ ಒಮ್ಮೆಲೇ ಮುರಿಯುತ್ತದೆ, ಅದರಲ್ಲಿ ಆಸ್ಬೆಸ್ಟಾಸ್ ಇದ್ದರೆ ಮುರಿದಾಗ ಏಳುವ ದೂಳೂ ಅಪಾಯ. ಒಳಗೆ ಬಾಗಿಲು ಮುಚ್ಚಿ ಕತ್ತಲು ಮಾಡಿ ನಿಂತರೆ ತೂತುಗಳೆಲ್ಲ ಬೆಳಕಿನ ಚುಕ್ಕಿಯಾಗಿ ತಾವೇ ಕಾಣುತ್ತವೆ. ಗೋಡೆಯ ಮೇಲೆ ಕೂತು ಛಾವಣಿ ಹೊರುವ ಕಬ್ಬಿಣದ ಚೌಕಟ್ಟಿನ, ಅಂದರೆ ಟ್ರಸ್ಸಿನ, ತುದಿಗಳಲ್ಲಿ ತುಕ್ಕು ಇದೆಯಾ, ಬೋಲ್ಟು ಬಿಟ್ಟಿದೆಯಾ ಅಂತ ಕೆಳಗಿನಿಂದಲೇ ಫೋನ್ ಝೂಮ್ ಮಾಡಿ ನೋಡಿದೆವು. ಹಿಂದೆ ಎರಡನೇ ಬಾಗಿಲು ಇತ್ತು, ಹೊರಕ್ಕೆ ತೆರೆಯುತ್ತಿತ್ತು. ನೆಲದಲ್ಲಿ ಒಂದು ಕಡೆ ಇಳಿಜಾರಿತ್ತು. ಲೆವೆಲ್ ಪೈಪ್ ಹಿಡಿದು ಅಳೆದು, ಮಶೀನು ಕೂರುವ ಜಾಗದಲ್ಲಿ ಹಳೆ ನೆಲ ಒಡೆದು, ಎರೆಮಣ್ಣು ತೆಗೆದು, ಮುರ್ರಮ್ ಅನ್ನುವ ಗರಸು ಮಣ್ಣು ತುಂಬಿ ಗಟ್ಟಿ ಮಾಡಿ, ಹೊಸ ಕಾಂಕ್ರೀಟು ಹಾಕಿಸಿದೆವು. ಎರೆ ನೆಲದ ಮೇಲೆ ಹಾಗೇ ಮಶೀನು ಕೂರಿಸಿದರೆ ಮೊದಲ ಮಳೆಗಾಲದಲ್ಲೇ ಲೆವೆಲ್ ತಪ್ಪುತ್ತದೆ, ಅಚ್ಚು ಓರೆ ಬೀಳುತ್ತದೆ.

ಕರಾರು ಐದು ವರ್ಷದ್ದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು, ಮಾಡಿಸಿದೆವು. ಛಾವಣಿ, ಗೋಡೆ, ಪಾಯ, ಟ್ರಸ್ಸಿನ ರಿಪೇರಿ ಮಾಲಕರದು, ಒಳಗಿನ ವೈರಿಂಗ್ ಮತ್ತು ದಿನದ ನಿರ್ವಹಣೆ ನಮ್ಮದು ಅಂತ ಬಿಡಿಸಿ ಬರೆಸಿದೆ. ಬಿಡಿಸಿ ಬರೆಯದಿದ್ದರೆ ಸೋರುವ ಶೀಟು ಯಾರದು ಅನ್ನೋ ಜಗಳದಲ್ಲೇ ಮಳೆಗಾಲ ಕಳೆಯುತ್ತದೆ. ಒಳಗೆ ಹೋದ ದಿನ ಇದ್ದ ಎಲ್ಲ ಬಿರುಕುಗಳ ಫೋಟೋ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದದ್ದು, ಇಬ್ಬರ ಸಹಿಯೊಂದಿಗೆ ಕರಾರಿನ ಜೊತೆ ಲಗತ್ತಾಗಿದೆ. ಅರ್ಥಿಂಗ್ ಹೊಸದಾಗಿ ಹಾಕಿಸಿ ಟೆಸ್ಟ್ ಮಾಡಿಸಿದ ಕಾಗದವೂ ಅದರಲ್ಲಿದೆ. ಗೋಡೆಯ ಎರಡು ಬಿರುಕಿಗೆ ಕಾಕಾ ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದಾರೆ. ತಿಂಗಳಿಗೊಮ್ಮೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಬೈಂಡಿಂಗ್ ವಿಭಾಗದ ಹಿರಿಯ ಅಕ್ಕ ತಾವೇ ವಹಿಸಿಕೊಂಡಿದ್ದಾರೆ.